ಎಂಬತ್ತೈದನೆಯ ಕುರ್ಚಿ

ರೆಗುಲಾ ಕುಂಡರ್ಟ್‌ಳ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ದಪ್ಪ. ಅವಳ ಕೋಟು ಹೊಲಿಯುವಾಗೆಲ್ಲ ನಮ್ಮೂರಿನ ದರ್ಜಿ ಗೊಣಗುತ್ತಿದ್ದ. ಹದಿನಾರನೆಯ ವಯಸ್ಸಿಗೇ ಕುರ್ಚಿ ತಡೆಯಲು ನಿಂತವಳ ಭುಜ ಮತ್ತೆ ಹೇಗಿರಬೇಕು? ಹೋಹ್‌ಬೋಡೆನ್ ಗುಡ್ಡಕ್ಕೆ ಜನರನ್ನು ಹೊತ್ತೊಯ್ಯುವ ನಮ್ಮ ಲಿಫ್ಟ್ ಹಳೆಯ ಕಾಲದ್ದು, ಕಂಬದಿಂದ ಕಂಬಕ್ಕೆ ಓಡುವ ಹಗ್ಗಕ್ಕೆ ಸಾಲಾಗಿ ಕುರ್ಚಿ ನೇತುಹಾಕಿದ್ದು. ಅದರ ಕುರ್ಚಿಗಳು ಕ್ಲಾಂಪ್ ಎಂಬ ಇಕ್ಕಳದ ಹಲ್ಲಿನಿಂದ ಉಕ್ಕಿನ ಹಗ್ಗವನ್ನು ಕಚ್ಚಿಕೊಂಡೇ ಇರುತ್ತವೆ. ಹತ್ತುವವರಿಗೆಂದು ನಿಲ್ಲುವುದಿಲ್ಲ, ನಿಧಾನವಾಗುವುದೂ ಇಲ್ಲ. ಹಿಂದಿನಿಂದ ನುಗ್ಗಿ ಬರುವ ಕುರ್ಚಿಯನ್ನು ಒಬ್ಬರು ಕೈಯಲ್ಲಿ ತಡೆದು, ಅದರ ರಭಸವನ್ನು ತಮ್ಮ ಭುಜಕ್ಕೆ ತೆಗೆದುಕೊಂಡು, ಹತ್ತುವ ಇಬ್ಬರ ಮೊಣಕಾಲಿನ ಹಿಂದೆ ಮೆಲ್ಲಗೆ ಒಡ್ಡಬೇಕು. ಹನ್ನೆರಡು ಸೆಕೆಂಡಿಗೊಂದು ಕುರ್ಚಿ, ದಿನಕ್ಕೆ ಏಳು ಗಂಟೆ. ನಾನು ಪಕ್ಕದ ಗೂಡಿನಲ್ಲಿ ಟಿಕೆಟ್ ಹರಿಯುತ್ತ ಕೂತಿರುತ್ತಿದ್ದೆ. ನನ್ನ ಭುಜಗಳು ಎರಡೂ ಸಮ, ಹೊಟ್ಟೆ ಮಾತ್ರ ಬೆಳೆದಿದೆ.

ನನ್ನ ಹೆಸರು ಫ್ರಿಡ್ಲಿ. ನಮ್ಮೂರು ಎನ್ನೆಟ್‌ಮಾಟ್‌ನಲ್ಲಿ ಫ್ರಿಡ್ಲಿ ಎಂದು ಕೂಗಿದರೆ ಮೂವರು ತಿರುಗಿ ನೋಡುತ್ತಾರೆ. ನಾನು ಟಿಕೆಟ್ ಫ್ರಿಡ್ಲಿ. ಊರವರು ಈಗ ರೆಗುಲಾಳ ಬಗ್ಗೆ ಬಹಳ ಚೆನ್ನಾಗಿ ಮಾತಾಡುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಎಪ್ಪತ್ತಮೂರರ ಚಳಿಗಾಲದಲ್ಲಿ ಇದೇ ಬಾಯಿಗಳು ಏನೇನು ಅಂದಿದ್ದವು ಎಂದು ಗೂಡಿನ ಕಿಂಡಿಯ ಹಿಂದೆ ಕೂತು ಕೇಳಿದವನು ನಾನು. ಹಾಗಂತ ನಾನೇನು ಸಾಚಾ ಅಲ್ಲ. ಅದನ್ನೂ ಹೇಳುತ್ತೇನೆ.

ಲಿಫ್ಟ್ ಊರಿನ ಪಂಚಾಯಿತಿಯದು. ನಲವತ್ತೊಂಬತ್ತರಲ್ಲಿ ಅದರ ಹನ್ನೊಂದು ಕಂಬಗಳನ್ನು ನಿಲ್ಲಿಸಿದವರಲ್ಲಿ ರೆಗುಲಾಳ ಅಪ್ಪ ಯೋಸ್ಟ್ ಒಬ್ಬ. ಮೊದಲ ಯಂತ್ರಗಾರನೂ ಅವನೇ. ಎಂಬತ್ತನಾಲ್ಕು ಕುರ್ಚಿಗಳಿಗೆ ಅವನು ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆಯುತ್ತಿದ್ದಾಗ ಹೋಟೆಲಿನ ಮುದಿ ಸ್ಟ್ರೈಫ್ ಓಡಿ ಬಂದು, ಹದಿಮೂರು ಎಂದು ಬರೆದ ಕುರ್ಚಿಯಲ್ಲಿ ತನ್ನ ಅತಿಥಿಗಳು ಕೂರುವುದಿಲ್ಲ ಎಂದು ರಂಪ ಮಾಡಿದನಂತೆ. ಯೋಸ್ಟ್ ಹನ್ನೆರಡರ ನಂತರ ಹದಿನಾಲ್ಕು ಬರೆದ. ಕೊನೆಯ ಕುರ್ಚಿಗೆ ಎಂಬತ್ತೈದು ಬಂತು. ಅಂದಿನಿಂದ ನಮ್ಮೂರಿನಲ್ಲಿ ಯಾರನ್ನಾದರೂ ತೊಲಗು ಎನ್ನಬೇಕಾದರೆ "ಹೋಗಿ ಹದಿಮೂರರಲ್ಲಿ ಕೂತ್ಕೊ" ಎನ್ನುತ್ತೇವೆ. ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿರುವ ಬೈಗುಳ ಇದು. ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನೆನಪಿಡಬೇಕಾದ ಹೊತ್ತಿನಲ್ಲಿ ನಾನು ಇಡಲಿಲ್ಲ.

ಐವತ್ತೆಂಟರಲ್ಲಿ ಯೋಸ್ಟ್‌ನ ಬಲಗೈ ಹಗ್ಗಕ್ಕೂ ರಾಟೆಗೂ ನಡುವೆ ಸಿಕ್ಕಿ ಮೂರು ಬೆರಳು ಹೋದವು. ಅವನು ಯಂತ್ರದ ಕೋಣೆಯ ಬೆಂಚಿನ ಮೇಲೆ ಕೂತು ಮಗಳಿಗೆ ಕೆಲಸ ಕಲಿಸಿದ. ಪೊರಕೆ ಕೋಲಿನ ಒಂದು ತುದಿಯನ್ನು ಬೇರಿಂಗಿಗೆ ಒತ್ತಿ ಇನ್ನೊಂದನ್ನು ಕಿವಿಗೆ ಆನಿಸಿದರೆ ಒಳಗೆ ಗುಂಡುಗಳು ಹೇಗೆ ಉರುಳುತ್ತಿವೆ ಎಂದು ಕೇಳುತ್ತದೆ. ಬೆಳಿಗ್ಗೆ ಲಿಫ್ಟನ್ನು ಆಮೆ ನಡಿಗೆಯಲ್ಲಿ ಓಡಿಸಿ, ಒಂದು ಹಳೆಯ ಹತ್ತಿಬಟ್ಟೆಯನ್ನು ಹಗ್ಗದ ಸುತ್ತ ಸಡಿಲವಾಗಿ ಹಿಡಿದು ನಿಂತರೆ, ಎಲ್ಲಿ ತಂತಿ ತುಂಡಾಗಿ ಮುಳ್ಳಿನಂತೆ ಎದ್ದಿದೆಯೋ ಅಲ್ಲಿ ಬಟ್ಟೆ ಕಚ್ಚಿಕೊಳ್ಳುತ್ತದೆ. ಪೂರಾ ಒಂದು ಸುತ್ತಿಗೆ ಒಂದು ಗಂಟೆ ಬೇಕು. ಎಲ್ಲಕ್ಕಿಂತ ದೊಡ್ಡದು ಕ್ಲಾಂಪ್ ಸರಿಸುವ ಕೆಲಸ. ಕ್ಲಾಂಪ್ ಒಂದೇ ಜಾಗವನ್ನು ಕಚ್ಚಿಕೊಂಡು ಚಕ್ರ ಸುತ್ತಿದರೆ ಅಲ್ಲಿನ ತಂತಿಗಳು ಬಾಗಿ ಬಾಗಿ ಸೋತು ಒಂದೊಂದಾಗಿ ಮುರಿಯುತ್ತವೆ. ಅದಕ್ಕೇ ವರ್ಷಕ್ಕೆ ಎರಡು ಸಲ, ಪ್ರತಿ ಕುರ್ಚಿಯನ್ನೂ ಬಿಚ್ಚಿ, ಎರಡು ಗೇಣು ಹಿಂದಕ್ಕೆ ಸರಿಸಿ, ಮತ್ತೆ ಬಿಗಿದು, ಕ್ಲಾಂಪಿನ ಅಂಚಿಗೆ ಹಗ್ಗದ ಮೇಲೆ ಕೆಂಪು ಬಣ್ಣದ ಗೆರೆ ಎಳೆಯಬೇಕು. ಕ್ಲಾಂಪ್ ಜಾರಿದರೆ ಗೆರೆ ಹೇಳುತ್ತದೆ.

ಇಷ್ಟೆಲ್ಲ ಕೆಲಸ ರೆಗುಲಾಳದು. ಆದರೆ ಯಂತ್ರಗಾರನನ್ನು ಊರಸಭೆ ಕೈಯೆತ್ತಿ ಆರಿಸಬೇಕು, ಸಭೆಯಲ್ಲಿ ಹೆಂಗಸರು ಕೈ ಎತ್ತುವಂತೆಯೂ ಇರಲಿಲ್ಲ, ಆಯ್ಕೆಯಾಗುವಂತೆಯೂ ಇರಲಿಲ್ಲ. ಹಾಗಾಗಿ ಹೈನರ್ ಎಂಬ ಒಬ್ಬ ಸೋಮಾರಿಯ ಹೆಸರು ಕಾಗದದಲ್ಲಿತ್ತು. ಅವನು ಮಧ್ಯಾಹ್ನ ಬಂದು, ಒಲೆಯ ಪಕ್ಕ ಕಾಫಿಗೆ ಹಣ್ಣಿನ ಸಾರಾಯಿ ಬೆರೆಸಿ ಕುಡಿದು, ದಿನಚರಿಗೆ ಸಹಿ ಹಾಕಿ ಹೋಗುತ್ತಿದ್ದ. ಹೆಸರು ಅವನದು, ದುಡಿಮೆ ಅವಳದು. ಹದಿನೈದು ವರ್ಷ ಅವಳು ಸಹಾಯಕಿ. ಕೆಂಪು ಗುಂಡಿ ಒತ್ತಿ ನೂರು ಜನರನ್ನು ಗಾಳಿಯಲ್ಲಿ ನಿಲ್ಲಿಸಬಲ್ಲವಳಿಗೆ ಶಾಲೆಯ ಸಭಾಂಗಣದಲ್ಲಿ ಒಂದು ಕೈ ಎತ್ತುವ ಹಕ್ಕು ಇರಲಿಲ್ಲ.

ಎಪ್ಪತ್ತೊಂದರಲ್ಲಿ ಹೆಂಗಸರಿಗೆ ಆ ಹಕ್ಕು ಬಂತು. ಎಪ್ಪತ್ತಮೂರರ ವಸಂತದಲ್ಲಿ ಹೈನರ್ ನಿವೃತ್ತನಾಗುವವನಿದ್ದ. ರೆಗುಲಾ ಒಂದು ಚೀಟಿಯಲ್ಲಿ ತನ್ನ ಹೆಸರು ಬರೆದು ಪಂಚಾಯಿತಿಗೆ ಕೊಟ್ಟಳು. ಅಧ್ಯಕ್ಷ ಓಸ್ಕರ್ ಸ್ಟ್ರೈಫ್ (ಆ ಮುದಿ ಸ್ಟ್ರೈಫ್‌ನ ಮಗ, ಹೋಟೆಲೂ ಈಗ ಅವನದೇ) ತನ್ನ ಅಕ್ಕನ ಮಗ ರೂಡಿಯ ಹೆಸರು ಕೊಟ್ಟ. ಎರಡು ವರ್ಷದಿಂದ ಲಿಫ್ಟಿನಲ್ಲೇ ಕೆಲಸಕ್ಕಿದ್ದ ರೂಡಿಗೆ ಪಟ್ಟಣದ ಯಂತ್ರಗಾರಿಕೆಯ ಪ್ರಮಾಣಪತ್ರ ಇತ್ತು. ಹುಡುಗ ಕೆಟ್ಟವನೇನಲ್ಲ, ಪಾಪ, ಮಾವನೆದುರು ಬಾಯಿ ಬಿಡುತ್ತಿರಲಿಲ್ಲ ಅಷ್ಟೆ.

"ನೋಡು ರೆಗುಲಾ," ಎಂದ ಓಸ್ಕರ್, ನನ್ನ ಗೂಡಿನ ಮುಂದೆಯೇ. "ಈ ಚಳಿಗಾಲ ಒಂದು ಗಲಾಟೆ ಇಲ್ದೆ ಕಳೆದ್ಬಿಡು. ಜನ ನಿನ್ನ ಬಗ್ಗೆ ಯೋಚನೆ ಮಾಡ್ತಾರೆ."

"ಗಲಾಟೆ ಮಾಡೋದು ನಾನಲ್ಲ ಓಸ್ಕರ್, ಏಳನೇ ಕಂಬದ ರಾಟೆ. ಹೊಸದು ತರಿಸು ಅಂತ ಮೂರು ಸಲ ಹೇಳಿದ್ದೀನಿ."

ಇನ್ನು ನನ್ನ ಪಾಲಿನ ಮಾತು. ಎಪ್ಪತ್ತರ ಶರತ್ಕಾಲದವರೆಗೆ ಕ್ಲಾಂಪ್ ಸರಿಸಲು ರೆಗುಲಾ ಮೂರು ದಿನ ತೆಗೆದುಕೊಳ್ಳುತ್ತಿದ್ದಳು. ಓಸ್ಕರ್‌ಗೆ ಅದು ದಂಡ ಎನಿಸಿತು. ನನ್ನನ್ನು ಕರೆದು, "ಎರಡು ತಂಡ ಮಾಡು, ಒಂದೇ ದಿನದಲ್ಲಿ ಮುಗೀಲಿ. ಎಂಬತ್ನಾಲ್ಕು ಕುರ್ಚಿ, ಅರ್ಧ ಅವಳಿಗೆ, ಅರ್ಧ ರೂಡಿಗೆ. ಒಂದು ಹಾಳೆ ಬರೆದು ಗೋಡೆಗೆ ಹೊಡಿ" ಎಂದ. ನನ್ನ ಅಕ್ಷರ ದುಂಡಗಿದೆ. ದುಂಡಗೆ ಬರೆದೆ: ಮೊದಲ ತಂಡ, ಒಂದರಿಂದ ನಲವತ್ತಮೂರು, ಹದಿಮೂರಿಲ್ಲದ್ದರಿಂದ ಅಲ್ಲಿಗೆ ನಲವತ್ತೆರಡು ಕುರ್ಚಿ. ಅಷ್ಟರವರೆಗೆ ಬುದ್ಧಿ ನೆಟ್ಟಗಿತ್ತು. ಎರಡನೆಯ ತಂಡಕ್ಕೆ ನಲವತ್ತನಾಲ್ಕರಿಂದ ಎಂಬತ್ತನಾಲ್ಕು. ಎಂಬತ್ತನಾಲ್ಕು ಕುರ್ಚಿ ಎಂದು ಅಧ್ಯಕ್ಷರು ಹೇಳಿದ್ದರು, ಎಂಬತ್ತನಾಲ್ಕಕ್ಕೆ ನಿಲ್ಲಿಸಿದೆ. ಅದೇ ಹಾಳೆ ಎರಡು ವರ್ಷ ಗೋಡೆಯ ಮೇಲಿತ್ತು. ನಾಲ್ಕು ಸಲ ಕ್ಲಾಂಪ್ ಸರಿಸಿದರು. ಎಂಬತ್ತೈದನೆಯ ಕುರ್ಚಿ ನಾಲ್ಕು ಸಲವೂ ಇದ್ದಲ್ಲೇ ಕಚ್ಚಿಕೊಂಡು ಕೂತಿತು.

ಫೆಬ್ರವರಿಯ ಎರಡನೆಯ ಶನಿವಾರ ಸಂಜೆ ರೆಗುಲಾ ಗೂಡಿನ ಕಿಂಡಿಗೆ ಮುಖ ಇಟ್ಟಳು.

"ಫ್ರಿಡ್ಲಿ, ಏಳನೇ ಕಂಬದಲ್ಲಿ ಟಿಕ್ ಅಂತಿದೆ."

"ರಾಟೆ ಹಾಳಾಗಿದೆ ಅಂತ ನೀನೇ ಹೇಳ್ತೀಯಲ್ಲ."

"ರಾಟೆ ಆಗಿದ್ರೆ ಪ್ರತಿ ಕುರ್ಚಿಗೂ ಟಿಕ್ ಅನ್ಬೇಕು. ಇದು ಹದಿನೇಳು ನಿಮಿಷಕ್ಕೆ ಒಂದು ಸಲ. ಪೂರಾ ಸುತ್ತಿಗೆ ಒಂದು ಸಲ. ಅಂದ್ರೆ ತಪ್ಪು ಕಂಬದಲ್ಲಿಲ್ಲ, ಯಾವುದೋ ಒಂದು ಕುರ್ಚಿ ಹತ್ರ ಇದೆ."

ಮರುದಿನ ಕಣಿವೆಯ ದೊಡ್ಡ ಸ್ಕೀ ಪಂದ್ಯ. ಹತ್ತಿಬಟ್ಟೆಯ ಪರೀಕ್ಷೆಯನ್ನು ಸೋಮವಾರ ಮಾತ್ರ ಮಾಡಬೇಕು, ದಿನಾ ಒಂದು ಗಂಟೆ ಹಾಳು ಮಾಡಬಾರದು ಎಂದು ಓಸ್ಕರ್ ಶರತ್ಕಾಲದಲ್ಲೇ ಆಜ್ಞೆ ಹೊರಡಿಸಿದ್ದ. ರೆಗುಲಾ ಭಾನುವಾರ ಬೆಳಿಗ್ಗೆ ಆರೂವರೆಗೆ ಬಂದು ಲಿಫ್ಟನ್ನು ಆಮೆ ನಡಿಗೆಗೆ ಹಾಕಿ ಬಟ್ಟೆ ಹಿಡಿದು ನಿಂತಳು. ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಬಟ್ಟೆ ಅವಳ ಕೈಯಿಂದ ಕಿತ್ತುಕೊಂಡು ಹೋಯಿತು. ಅವಳು ಗುಂಡಿ ಒತ್ತಿ ನಿಲ್ಲಿಸಿದಳು. ಎಂಬತ್ತೈದನೆಯ ಕುರ್ಚಿಯ ಕ್ಲಾಂಪಿನ ಬಾಯಲ್ಲಿ ಬಟ್ಟೆಯ ಚೂರು ಸಿಕ್ಕಿಕೊಂಡು ಗಾಳಿಗೆ ಪಟಪಟ ಎನ್ನುತ್ತಿತ್ತು.

ಎಂಟೂವರೆಗೆ ನನ್ನ ಗೂಡಿನ ಮುಂದೆ ಇನ್ನೂರು ಜನ ಸ್ಕೀ ಹಿಡಿದು ನಿಂತಿದ್ದರು. ಬ್ರೆಡ್ ಅಂಗಡಿಯ ಆಫ್ರಾ ನಾನೂರು ಸಾಸೇಜುಗಳನ್ನು ಮೇಲಿನ ಗುಡಿಸಲಿಗೆ ಸಾಗಿಸಲು ಬುಟ್ಟಿಗಳಲ್ಲಿ ತುಂಬಿಟ್ಟಿದ್ದಳು. ಓಸ್ಕರ್ ಎದೆಗೆ ಪಂದ್ಯದ ಬಿಲ್ಲೆ ಸಿಕ್ಕಿಸಿಕೊಂಡು ಯಂತ್ರದ ಕೋಣೆಗೆ ನುಗ್ಗಿದ. ಹಿಂದೆಯೇ ನಾನು.

"ಯಾಕಿನ್ನೂ ಶುರು ಮಾಡಿಲ್ಲ?"

"ತಂತಿ ಮುರಿದಿದೆ. ಲಿಫ್ಟ್ ಇವತ್ತು ಓಡಲ್ಲ."

"ಎಷ್ಟು ತಂತಿ?"

"ಹೊರಗೆ ಕಾಣೋದು ನಾಲ್ಕು. ಕ್ಲಾಂಪ್ ಒಳಗೆ ಎಷ್ಟೋ, ಬಿಚ್ಚಿದ್ರೆ ಗೊತ್ತಾಗುತ್ತೆ."

"ಹಗ್ಗದಲ್ಲಿ ನೂರ ಹದಿನಾಲ್ಕು ತಂತಿ ಇದೆ ಕಣೆ! ನಾಲ್ಕು ಹೋದ್ರೆ ಏನು ಮುಳುಗಿಹೋಯ್ತು? ಆ ಒಂದು ಕುರ್ಚಿಗೆ ಜನ ಕೂರಿಸಬೇಡ, ಸಾಕು."

"ಮುರಿದಿರೋದು ಕುರ್ಚಿ ಅಲ್ಲ ಓಸ್ಕರ್, ಹಗ್ಗ. ಅದು ಹೋದ್ರೆ ಎಂಬತ್ನಾಲ್ಕೂ ಹೋಗುತ್ತೆ."

"ಕಾಗದದಲ್ಲಿ ಯಂತ್ರಗಾರ ನೀನಲ್ಲ. ಸರಿ ಆಚೆ, ನಾನೇ ಶುರು ಮಾಡ್ತೀನಿ."

ರೆಗುಲಾ ಜಗಳವಾಡಲಿಲ್ಲ. ವಿದ್ಯುತ್ ಹಲಗೆಯ ಬಾಗಿಲು ತೆರೆದು, ಮೂರು ಪಿಂಗಾಣಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಮೇಲಂಗಿಯ ಎದೆಜೇಬಿಗೆ ಹಾಕಿಕೊಂಡು ಗುಂಡಿ ಬಿಗಿದಳು. ಆಮೇಲೆ ವಿದ್ಯುತ್ ಹೋದಾಗ ಓಡಿಸುವ ಡೀಸೆಲ್ ಎಂಜಿನ್ನಿನ ಹಿಡಿಕೆಯನ್ನೂ ಕಳಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಬೇಕಾದ್ರೆ ಬಂದು ತಗೊಳ್ಳಿ ಅಧ್ಯಕ್ಷರೇ," ಎಂದಳು. "ಊರೆಲ್ಲ ಹೊರಗೇ ನಿಂತಿದೆ. ಹೆಂಗಸಿನ ಎದೆಜೇಬಿಗೆ ಕೈ ಹಾಕೋದನ್ನ ಅವರೂ ನೋಡ್ಲಿ."

ಓಸ್ಕರ್ ಕೆಂಪಗಾದ. ಎದೆಯ ಬಿಲ್ಲೆ ನೆಟ್ಟಗೆ ಮಾಡಿಕೊಂಡು ಹೊರಗೆ ನಡೆದ. ಆ ದೃಶ್ಯ ನೆನೆದರೆ ನನಗೆ ಇವತ್ತಿಗೂ ಕಾಫಿ ರುಚಿಯಾಗುತ್ತದೆ.

ಹೊರಗಿನವರಿಗೆ ಮಾತ್ರ ಅದು ರುಚಿಸಲಿಲ್ಲ. ಸ್ಕೀಗಳನ್ನು ಹೆಗಲಿಗೇರಿಸಿ ಸೊಂಟದುದ್ದ ಹಿಮದಲ್ಲಿ ಹತ್ತಿದರು. ಪಂದ್ಯ ಮೂರು ಗಂಟೆ ತಡವಾಯಿತು, ಅರ್ಧಕ್ಕೆ ಮಂಜು ಇಳಿದು ನಿಂತೇಹೋಯಿತು. ಆಫ್ರಾಳ ಸಾಸೇಜು ಬುಟ್ಟಿಯಲ್ಲೇ ಉಳಿದವು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ಳು," ಎಂದಳು ಆಫ್ರಾ ಕಿಂಡಿಯ ಮುಂದೆ. "ಕೈಯೆತ್ತೋ ಹಕ್ಕು ಕೊಟ್ಟಿದ್ದೇ ಕೊಟ್ಟಿದ್ದು, ತಲೆ ಮೇಲೆ ಕೂತ್ಕೊಂಡ್ರು." ನೆನಪಿರಲಿ, ಹಾಗೆಂದವಳೂ ಹೆಂಗಸೇ. ಹೋಗುವಾಗ ಯಾರೋ ಯಂತ್ರದ ಕೋಣೆಯ ಕಡೆ ತಿರುಗಿ, "ಹೋಗಿ ಹದಿಮೂರರಲ್ಲಿ ಕೂತ್ಕೊಳೇ!" ಎಂದು ಕೂಗಿದರು. ನನ್ನ ಕಿವಿಗೆ ಆ ಮಾತು ಬಿತ್ತು. ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ.

ರೆಗುಲಾ ಆ ಮಧ್ಯಾಹ್ನ ಏಣಿ ಹಾಕಿ ಎಂಬತ್ತೈದರ ಕ್ಲಾಂಪ್ ಬಿಚ್ಚಿದಳು. ಒಳಗೆ ಹತ್ತೊಂಬತ್ತು ತಂತಿಗಳು ಮುರಿದಿದ್ದವು. ಅಲ್ಲಿದ್ದ ಕೆಂಪು ಗೆರೆ ತೀರ ಮಾಸಿತ್ತು, ಮತ್ತು ಅದು ಅವಳೇ ಎಂದೋ ಎಳೆದ ಗೆರೆ. ಅವಳು ನೇರವಾಗಿ ಗೋಡೆಯ ಹಾಳೆಯ ಮುಂದೆ ಹೋಗಿ ನಿಂತಳು. ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದಳು.

"ಫ್ರಿಡ್ಲಿ, ಇಲ್ಲಿ ಬಾ. ಕೊನೇ ಕುರ್ಚಿ ನಂಬರ್ ಎಷ್ಟು?"

"ಎಂಬತ್..." ಎಂದೆ. ಅಷ್ಟರಲ್ಲಿ ಇಲ್ಲದ ಹದಿಮೂರು ನೆನಪಾಯಿತು.

"ಓಸ್ಕರ್ ಎಂಬತ್ನಾಲ್ಕು ಅಂದ. ಅವನು ಹೇಳಿದ್ದನ್ನ ಬರೆದೆ," ಎಂದು ತೊದಲಿದೆ.

"ಬರೆದ ಕೈ ಯಾರದು?"

ನಾನು ಹಾಳೆಯ ಮೇಲಿನ ನನ್ನ ದುಂಡಗಿನ ಅಕ್ಷರ ನೋಡಿದೆ.

"ನಂದೂ ತಪ್ಪಿದೆ," ಎಂದಳು. "ನನ್ನ ಕೆಲಸ ಕಿತ್ತು ಅರ್ಧ ಮಾಡಿದ್ರಲ್ಲ ಅನ್ನೋ ಸಿಟ್ಟಿಗೆ, ರೂಡಿ ಮಾಡಿದ್ದನ್ನ ನಾನು ತಿರುಗಿ ನೋಡ್ಲಿಲ್ಲ. ಅಪ್ಪ ಇದ್ದಿದ್ರೆ ಕೆನ್ನೆಗೆ ಬಾರಿಸ್ತಿದ್ದ." ಹಾಳೆಯನ್ನು ಮೊಳೆಯಿಂದ ಕಿತ್ತು ನಾಲ್ಕಾಗಿ ಮಡಚಿ ಜೇಬಿಗಿಟ್ಟಳು. "ನಾನು ಯಾರಿಗೂ ಹೇಳಲ್ಲ. ಹೇಳೋದು ನಿನ್ನ ಕೆಲಸ."

ಕಣಿವೆಯ ಕೆಳಗಿನಿಂದ ಹಗ್ಗ ಹೆಣೆಯುವವನು ಬಂದ. ಸೋತ ಭಾಗವನ್ನು ಕತ್ತರಿಸಿ, ಹೊಸ ತುಂಡು ಸೇರಿಸಿ, ಎಂಟು ಜನ ಮರದ ಸುತ್ತಿಗೆ ಹಿಡಿದು ಎರಡು ದಿನ ಹಿಮದಲ್ಲಿ ಕೂತು ಎಳೆಗೆ ಎಳೆ ಹೆಣೆದರು. ಭಾನುವಾರ ಓಡಿಸಿದ್ದರೆ ಹರಿಯುತ್ತಿತ್ತೇ ಎಂದು ಓಸ್ಕರ್ ಎಲ್ಲರೆದುರು ಅವನನ್ನು ಕೇಳಿದ. "ಹರೀತಿರಲಿಲ್ಲವೇನೋ," ಎಂದ ಹಗ್ಗದವನು. "ಆದ್ರೆ ನಾನಾದ್ರೆ ಹತ್ತುತಿರಲಿಲ್ಲ." ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಊರವರು ತಮಗೆ ಬೇಕಾದ ಅರ್ಧವನ್ನು ಮಾತ್ರ ಮನೆಗೆ ಒಯ್ದರು. ಕತ್ತರಿಸಿದ ತುಂಡನ್ನು ರೆಗುಲಾ ಒಯ್ದಳು.

ಏಳು ವಾರ ಕಳೆದವು. ನಾನು ಬಾಯಿ ಬಿಡಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ಅವಳು ದಿನಾ ಬೆಳಿಗ್ಗೆ "ಬೆಳಗಾಯ್ತಾ ಫ್ರಿಡ್ಲಿ" ಎನ್ನುತ್ತಿದ್ದಳು, ಅದಕ್ಕಿಂತ ಹೆಚ್ಚಿಗೆ ಒಂದು ಮಾತಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಏಪ್ರಿಲ್ ತಿಂಗಳ ಊರಸಭೆ ಶಾಲೆಯ ಸಭಾಂಗಣದಲ್ಲಿ ಸೇರಿತು. ಕೈ ಎಣಿಸಲು ನನ್ನನ್ನೇ ನೇಮಿಸಿದ್ದರು, ಪ್ರತಿವರ್ಷವೂ ನಾನೇ. ಯಂತ್ರಗಾರನ ಆಯ್ಕೆ ಬಂದಾಗ ಓಸ್ಕರ್ ಎದ್ದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ನಯವಾಗಿ ಮಾತಾಡಿದ.

"ರೆಗುಲಾ ಕೆಲಸಗಾರ್ತಿ, ಯಾರೂ ಇಲ್ಲ ಅನ್ನಲ್ಲ. ಆದ್ರೆ ಆ ಭಾನುವಾರ ಊರಿನ ಮಾನ ಹೋಯ್ತು. ಸಿಟ್ಟಲ್ಲಿ ಹಾಗೆ ಮಾಡ್ದೆ, ತಪ್ಪಾಯ್ತು ಅಂತ ಸಭೆ ಮುಂದೆ ಒಂದು ಮಾತು ಹೇಳ್ಲಿ. ನಾನೇ ರೂಡಿ ಹೆಸರು ವಾಪಸ್ ತಗೋತೀನಿ."

ಸಭೆ ತಲೆದೂಗಿತು. ಒಂದೇ ಮಾತು, ಹದಿನೈದು ವರ್ಷ ಕಾದ ಕೆಲಸ ಕೈಗೆ ಬರುತ್ತಿತ್ತು. ಹೇಳಿಬಿಡು ಮಾರಾಯ್ತಿ ಎಂದು ನನ್ನ ಮನಸ್ಸೇ ಅಂದುಕೊಂಡಿತು.

ರೆಗುಲಾ ಚೀಲದಿಂದ ಹಗ್ಗದ ತುಂಡನ್ನು ತೆಗೆದು ಮೇಜಿನ ಮೇಲೆ ಧಡ್ ಎಂದು ಇಟ್ಟಳು.

"ತಪ್ಪಾಗಿಲ್ಲ. ನಾಳೆ ಹಿಂಗೇ ಆದ್ರೂ ನಿಲ್ಲಿಸ್ತೀನಿ. ಸ್ವತಃ ದೇವರ ಪಂದ್ಯ ಇದ್ರೂ ನಿಲ್ಲಿಸ್ತೀನಿ. ಇದನ್ನ ಕೈಯಿಂದ ಕೈಗೆ ದಾಟಿಸಿ. ಬೆರಳಲ್ಲಿ ಮುಟ್ಟಿ ನೋಡಿ. ಆಮೇಲೆ ಯಾರು ಇದಕ್ಕೆ ನಿಮ್ಮ ಮಕ್ಕಳನ್ನ ನೇತು ಹಾಕ್ತಿದ್ರಿ ಅಂತ ನೀವೇ ಕೈ ಎತ್ತಿ. ಮಂಡಿ ಊರಿ ಯಂತ್ರಗಾರ್ತಿ ಆಗೋದಾದ್ರೆ ನಂಗೆ ಬೇಡ, ಹೈನರ್ ಹಂಗೆ ಸಹಿ ಹಾಕೋ ಇನ್ನೊಬ್ಬನನ್ನ ಹುಡುಕ್ಕೊಳ್ಳಿ."

ಹಗ್ಗ ಸಾಲಿನಿಂದ ಸಾಲಿಗೆ ಹೋಯಿತು. ಆಫ್ರಾ ಮುಟ್ಟಿದಳು, ಬೆರಳಿಗೆ ಚುಚ್ಚಿತು, ಬಾಯಲ್ಲಿಟ್ಟುಕೊಂಡಳು. ಆಗ ಓಸ್ಕರ್ ತನ್ನ ಕೊನೆಯ ಆಟ ಆಡಿದ.

"ಸರಿ. ಕ್ಲಾಂಪ್ ಸರಿಸದೆ ಬಿಟ್ಟದ್ದಕ್ಕೆ ತಾನೇ ಹೀಗಾಗಿದ್ದು? ಸರಿಸೋದು ಯಾರ ಕೆಲಸ? ಬಿಟ್ಟದ್ದು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿಯೂ ಕೊರಳಪಟ್ಟಿಯ ಹತ್ತಿರ ಹೋಗಿತ್ತು. ರೆಗುಲಾಳ ಜೇಬಿನಲ್ಲಿ ಆ ಹಾಳೆ ಇದೆ ಎಂದು ನನಗೆ ಗೊತ್ತು. ಅವಳು ಜೇಬು ಮುಟ್ಟಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆ ತಪ್ಪನ್ನು ಅವಳ ತಲೆಗೆ ಕಟ್ಟುತ್ತಿದ್ದಾರೆ, ಅವಳು ಹೊತ್ತುಕೊಂಡು ನಿಂತಿದ್ದಾಳೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ನಾನು," ಎಂದೆ. ಎದ್ದು ನಿಂತಿದ್ದೆ. "ಹಾಳೆ ಬರೆದದ್ದು ನಾನು. ಹದಿಮೂರಿಲ್ಲ ಅನ್ನೋದನ್ನ ಮರೆತು ಎಂಬತ್ನಾಲ್ಕಕ್ಕೆ ನಿಲ್ಲಿಸಿದೆ. ಎಂಬತ್ತೈದು ಯಾರ ಪಾಲಿಗೂ ಬರ್ಲಿಲ್ಲ. ಎರಡು ತಂಡ ಮಾಡು ಅಂದಿದ್ದು ಅಧ್ಯಕ್ಷರು, ಲೆಕ್ಕ ತಪ್ಪಿದ್ದು ನಾನು. ಅವಳಿಗೆ ಏಳು ವಾರದಿಂದ ಗೊತ್ತು. ಒಬ್ಬರ ಮುಂದೂ ನನ್ನ ಹೆಸರು ಹೇಳಿಲ್ಲ."

ಹಿಂದಿನ ಸಾಲಿನಿಂದ ಹೈನರ್ ಕೂಗಿದ, "ಎಣಿಕೆ ಬಾರದವನನ್ನೇ ಕೈ ಎಣಿಸೋಕೆ ಇಟ್ಟಿದ್ದೀರಲ್ಲಪ್ಪ!" ನಗು ಸಿಡಿಯಿತು. ಓಸ್ಕರ್ ಮಾತ್ರ ನಗಲಿಲ್ಲ.

ಮೊದಲು ರೂಡಿಯ ಹೆಸರು. ಐವತ್ತೊಂದು ಕೈಗಳು. ರೂಡಿ ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ತನ್ನ ಹೆಸರಿಗೆ ತಾನೇ ಕೈ ಎತ್ತಬಾರದು ಎಂಬುದು ನಮ್ಮೂರಿನ ಮರ್ಯಾದೆ, ಕಾನೂನಲ್ಲ. ಆಮೇಲೆ ರೆಗುಲಾಳ ಹೆಸರು. ಎರಡೆರಡು ಸಲ ಎಣಿಸಿದೆ. ಆಫ್ರಾಳ ಕೈಯೂ ಇತ್ತು, ಚುಚ್ಚಿದ ಬೆರಳಿಗೆ ಕರವಸ್ತ್ರ ಸುತ್ತಿಕೊಂಡಿದ್ದಳು. ಎಪ್ಪತ್ತನಾಲ್ಕು.

"ಎಪ್ಪತ್ನಾಲ್ಕು," ಎಂದು ಕೂಗಿ ಪುಸ್ತಕದಲ್ಲಿ ಬರೆದೆ. ಜನ ಚಪ್ಪಾಳೆ ತಟ್ಟಿದರು, ಕುರ್ಚಿಗಳು ಸರಿದವು, ಕೈಗಳೆಲ್ಲ ಇಳಿದವು. ಒಂದು ಕೈ ಇಳಿಯಲಿಲ್ಲ. ಮೊದಲ ಸಾಲಿನಲ್ಲಿ, ಎರಡು ಬೆರಳು ದಪ್ಪದ ಆ ಭುಜದ ಮೇಲೆ, ರೆಗುಲಾಳ ಬಲಗೈ ನೆಟ್ಟಗೆ ಮೇಲಿತ್ತು.

"ಮುಗೀತಲ್ಲ ರೆಗುಲಾ, ಕೈ ಇಳಿಸು," ಎಂದ ಓಸ್ಕರ್.

"ಇದನ್ನ ಎಣಿಸಿಲ್ಲ."

"ತನ್ನ ಹೆಸರಿಗೆ ತಾನೇ ಕೈ ಎತ್ತೋ ಪದ್ಧತಿ ನಮ್ಮಲ್ಲಿಲ್ಲ. ಗೆದ್ದಿದ್ದೀಯಲ್ಲ ಮಾರಾಯ್ತಿ, ಒಂದು ಕೈಗೆ ಯಾಕಿಷ್ಟು ಹಠ?"

"ಒಂದು ಕುರ್ಚಿಗೂ ನೀನು ಹಿಂಗೇ ಅಂದಿದ್ದೆ."

ಅವಳು ನನ್ನ ಕಡೆ ತಿರುಗಿದಳು. ಏಳು ವಾರಗಳ ನಂತರ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಫ್ರಿಡ್ಲಿ, ಮತ್ತೆ ಎಣಿಸು."

ನಾನು ಅಧ್ಯಕ್ಷನನ್ನು ಕೇಳಲಿಲ್ಲ. ಎಪ್ಪತ್ತನಾಲ್ಕನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ ಎಪ್ಪತ್ತೈದು ಎಂದು ಬರೆದು, ಗಟ್ಟಿಯಾಗಿ ಓದಿದೆ. ಆಮೇಲೆ ಅವಳು ಕೈ ಇಳಿಸಿದಳು.